ಫಕೀರವ್ವನ ಮೊಣಕಾಲು, ಕರಿಲಿಂಗನ ಬುದ್ಧಿ

ಕೂಡ್ರಿ, ನಗುವಂಥ ಕತಿ ಹೇಳ್ತೀನಿ. ನಡುವ ಕಣ್ಣಾಗ ನೀರು ಬಂದ್ರ ನನ್ನ ಬೈಬ್ಯಾಡ್ರಿ.

ಒಂದೂರಾಗ ಫಕೀರವ್ವ ಅಂತ ಇದ್ಲು. ಖಾನಾವಳಿಗೆ ರೊಟ್ಟಿ ಬಡದು ಹೊಟ್ಟಿ ಹೊರಕೊಳ್ಳಾಕಿ. ಆಕಿಗೆ ಒಬ್ಬ ಮಗ, ಕರಿಲಿಂಗ. ಕೋಣದಂಥ ಮೈ, ಕರುವಿನಂಥ ಮನಸು. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದ ಆಕಿ ದುಃಖ! "ನಿನ್ನ ಕಟಗೊಂಡು ಹೆಂಗ ಬಾಳೇ ಮಾಡ್ಲೋ!" ಅಂತಿದ್ಲು.

ಒಲಿ ಮುಂದ ಕುಂತು ಕುಂತು ಫಕೀರವ್ವನ ಬಲಮೊಣಕಾಲು ಹಿಡಕೊಂತು. ತಾಯಿ-ಮಗ ದವಾಖಾನಿಗೆ ಹೋದ್ರು. ಡಾಕ್ಟರಮ್ಮ ಎರಡೂ ಕಾಲಿನ ಎಕ್ಸರೇ ತೆಗಿಸಿ ನೋಡಿದ್ಲು.

"ಚಿತ್ರದಾಗ ಎಡಗಾಲಿನ ಸಂದು ಭಾಳ ಸವದೈತಿ. ಬಲದ್ದು ಅಷ್ಟೇನಿಲ್ಲ."

"ಯವ್ವಾ, ನೋಯೂದು ಬಲಗಾಲ್ರೀ!" ಅಂದ್ಲು ಫಕೀರವ್ವ.

"ಹಂಗ ಆಗ್ತೈತಮ್ಮಾ. ಸವದಷ್ಟ ನೋಯಬೇಕಂತಿಲ್ಲ. ನೋಯೋ ಕಾಲಿಗೆ ಕಾವು ಕೊಡ್ರಿ, ಕೈಲಾದಷ್ಟು ನಡೀರಿ. ಹೆದರಬ್ಯಾಡ್ರಿ."

ಕರಿಲಿಂಗನ ತಲಿಯಾಗ ಚಿತ್ರ ಒಂದ ಉಳೀತು. ಮನಿಗೆ ಬಂದಾಂವನ ಬಿಸಿನೀರಿನ ಅರಿವಿ ತಂದು ಎಡಗಾಲಿಗೆ ಒತ್ತಿದ.

"ಬಲಗಾಲೋ!"

"ಚಿತ್ರದಾಗ ಎಡಗಾಲವ್ವಾ!"

"ಹುಚ್ಚ ಖೋಡಿ! ಚಿತ್ರ ಬಿಡು, ನನ್ನ ಕಾಲು ನೋಡು!"

"ಆತವ್ವಾ!"

ಮರುದಿನ ಮುಂಜಾನೆ ಎದ್ದಾಂವನ ಆಕಿ ಕಾಲ ಮುಂದ ಕುಂತ. ಗಲ್ಲಕ್ಕ ಕೈ ಕೊಟ್ಟು ನೋಡಿದ, ನೋಡಿದ, ನೋಡಿದ.

"ಹಾಲು ಉಕ್ಕಾಕತ್ತೈತೋ!"

"ನಾ ಕಾಲು ನೋಡಾಕತ್ತೀನವ್ವಾ!"

"ನೋಡಿದ್ರ ವಾಸಿ ಆಗ್ತೈತೇನೋ! ಕೈ ಹಿಡದು ನಡಸು. ನೋವು ಬಂದ್ರ ಕೂಡಸು!"

"ಆತವ್ವಾ!"

ನಡದು ನಡದು ಕಾಲು ಸ್ವಲ್ಪ ಹಗುರಾತು. ಅಷ್ಟರಾಗ ಮಗಳು ನೀಲವ್ವನ ಗಂಡನ ಮನಿಯಾಗ ಕೂಸಿಗೆ ಹೆಸರಿಡೋ ದಿನ ಬಂತು. ಕೂಸಿನ ತಲಿಗೆ ಹಾಕಾಕ ತಾನ ಕೈಯಾರೆ ಹೊಲಿದ ಕುಂಚಿಗಿ ಉಡಿಯಾಗ ಕಟಗೊಂಡು ಫಕೀರವ್ವ ಮಗನ ಕೈ ಹಿಡದು ಬಸ್ಸಿಗೆ ನಡದ್ಲು. ಆ ಊರಿಗೆ ಇದ್ದದ್ದು ಒಂದ ಬಸ್ಸು. ಇನ್ನೇನು ಹತ್ತಬೇಕು, "ಯವ್ವಾ, ಚುಳಕ್ ಅಂತು" ಅಂದ್ಲು.

ಅಂದದ್ದ ತಡ, ಕರಿಲಿಂಗ ಆಕಿನ್ನ ಮಣ್ಣಾಗ ಕೂಡಿಸಿ ಹೆಗಲು ಒತ್ತಿ ಹಿಡದ.

"ಬಿಡೋ! ಬಸ್ಸು ಹೊಂಟತು!"

"ನೋವು ಬಂದ್ರ ಕೂಡಸು ಅಂದಿಯಲ್ಲ!"

ಬಸ್ಸು ಹೋತು. ಅಲ್ಲಿ ಅಜ್ಜಿ ಇಲ್ಲದ ತೊಟ್ಟಿಲು ತೂಗಿದ್ರು. ಕೂಸಿನ ಕಿವಿಯಾಗ ಯಾರೋ ಹೆಸರು ಹೇಳಿದ್ರು. ಇಲ್ಲಿ ಫಕೀರವ್ವ ಕುಂಚಿಗಿ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ಲು. ಬೈಲಿಲ್ಲ. ಕರಿಲಿಂಗಗ ಅದಕ್ಕ ಹೆದರಿಕಿ ಆತು.

"ಬೈಯವ್ವಾ," ಅಂದ. "ಬೈಯವ್ವಾ!"

ಆಕಿ ಕಣ್ಣು ಒರಸಿಕೊಂಡ್ಲು. "ನನ್ನ ನೋವು ಚಿತ್ರಕ್ಕೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ ಮಗನ. ಎಷ್ಟೈತಿ ಅಂತ ನನ್ನ ಬಾಯಿಂದ ಕೇಳು. ಕೇಳಿದ್ದನ್ನ ನಂಬು."

"ಆತವ್ವಾ."

ಮುಂದಿನ ವಾರ ಕೋಲು ಊರಿಕೋತ ಫಕೀರವ್ವ ಮಗನ ಜೋಡಿ ಮಗಳ ಮನಿಗೆ ಹೋದ್ಲು. ನೀಲವ್ವ ಕೂಸಿನ್ನ ಉಡಿಯಾಗ ಹಾಕಿದ್ಲು.

"ಕಾಲು ಭಾಳ ನೋಯ್ತೈತೇನಬೇ? ಅದಕ್ಕ ಅವತ್ತು ಬರಲಿಲ್ಲೇನು?" ಅಂತ ಕಣ್ಣಾಗ ನೀರು ತಂದ್ಲು.

ಹೆತ್ತಾಕಿ ಏನಂದಾಳು? "ಇಲ್ಲವ್ವಾ, ಏನೂ ನೋವಿಲ್ಲ" ಅಂದ್ಲು.

ಬಾಗಲಾಗ ನಿಂತಿದ್ದ ಕರಿಲಿಂಗ ಕೇಳಿಸಿಕೊಂಡ. ಕುಣಕೋತ ಹಿತ್ತಲಿಗೆ ಓಡಿದ.

ಸಂಜೀಕ ಹೊಂಡಾಕ ಎದ್ದ ಫಕೀರವ್ವ ಗ್ವಾಡಿ ಹಿಡದು ನಿಂತ್ಲು. "ನನ್ನ ಕೋಲೆಲ್ಲೋ?"

"ನೋವಿಲ್ಲ ಅಂದಿ, ನಂಬಿದ್ನವ್ವಾ! ಕೂಸಿಗೆ ನೀರು ಕಾಸೋ ಒಲಿಯಾಗ ಇಟ್ಟೆ. ಏನು ಚಲೋ ಉರೀತಂತಿ!"