ಜೋಳಿಗೆಗೆ ಬಿದ್ದ ಗುಳಿಗೆ

ಶ್ರಾವಣ ಬಂತೆಂದರೆ ಮಠದ ಸ್ವಾಮಿಗಳಾದ ಪೂಜ್ಯ ಶಂಭುಲಿಂಗ ಅಪ್ಪಗಳು ಬರಿಗಾಲಲ್ಲಿ ನೇಕಾರರ ಓಣಿಗಳಿಗೆ ದಯಮಾಡಿಸುತ್ತಿದ್ದರು. ಹೆಗಲಲ್ಲಿ ಒಂದು ಕಾವಿ ಜೋಳಿಗೆ. ಅದನ್ನು ಒಡ್ಡಿ ಅವರು ಬೇಡುತ್ತಿದ್ದುದು ಜನರ ಚಟಗಳನ್ನು. ಕುಡಿತ ಬಿಡುವವನು ಬಾಟಲಿಯನ್ನು, ಗುಟಕಾ ಬಿಡುವವನು ಅದರ ಪೊಟ್ಟಣವನ್ನು ಜೋಳಿಗೆಗೆ ಹಾಕಿ, ಆಣೆ ಮಾಡಿ, ಪಾದ ಮುಟ್ಟಿ ನಮಸ್ಕರಿಸುತ್ತಿದ್ದ. ಎಷ್ಟೋ ಸಂಸಾರಗಳು ಇದರಿಂದ ಉಳಿದವು.

ಒಂದು ವರ್ಷ ದುಂಡಪ್ಪನೆಂಬ ನೇಕಾರ ತನ್ನ ತಂಬಾಕಿನ ಸಂಚಿಯನ್ನು ಹಾಕಿದ. ಜನ ಚಪ್ಪಾಳೆ ತಟ್ಟಿದರು. ಅದೇ ಹುರುಪಿನಲ್ಲಿ ಹೆಂಡತಿ ಬಾಳವ್ವನನ್ನು ಮುಂದಕ್ಕೆ ಕರೆದು, ಅವಳ ನೋವಿನ ಗುಳಿಗೆಗಳನ್ನೂ ಹಾಕಿಸಿದ.

"ಇಕಿಗೂ ಒಂದ್ ಚಟ ಅದರಿ ಅಪ್ಪಾರ, ಗುಳಿಗಿ ನುಂಗೂ ಚಟ. ಇವತ್ತ ಬಿಡಸ್ರಿ."

ಓಣಿಯೆಲ್ಲ ನಕ್ಕಿತು. ಬಾಳವ್ವನಿಗೆ ವರ್ಷಗಳಿಂದ ಸಂಧಿವಾತ. ಬೆರಳುಗಳು ಗೆಣ್ಣು ಬಾತು ಸೊಟ್ಟಗಾಗಿದ್ದವು. ಆ ಕೈಗಳನ್ನು ಕಣ್ಣಾರೆ ನೋಡುತ್ತಲೇ ನಕ್ಕರು. ಔಷಧವನ್ನೂ ಹೆಂಡವನ್ನೂ ಒಂದೇ ಜೋಳಿಗೆಗೆ ಹಾಕುವ ಈ ಭಕ್ತಿಗೆ ಏನೆನ್ನಬೇಕು? ಬರೆಯುವಾಗ ಇಂದಿಗೂ ಮೈ ಉರಿಯುತ್ತದೆ.

ಅಪ್ಪಗಳು ನಗಲಿಲ್ಲ. ಜೋಳಿಗೆಯನ್ನು ನೆಲಕ್ಕಿಳಿಸಿ, ಬಾಟಲಿ ಬೀಡಿಗಳ ನಡುವೆ ಕೈಯಾಡಿಸಿ, ಗುಳಿಗೆಗಳನ್ನು ಹುಡುಕಿ ತೆಗೆದು ಬಾಳವ್ವನ ಕೈಗೆ ಕೊಟ್ಟರು.

"ನೋವು ಹೆಂಗದವ್ವಾ?"

"ಏನಿಲ್ರಿ, ಆರಾಮ ಅದಾಳ," ಎಂದ ದುಂಡಪ್ಪ.

ಅಪ್ಪಗಳ ಮುಖ ಕೆಂಪಾಯಿತು. "ನೋವು ನಿನ್ನ ಕೈಯಾಗ ಅದ ಏನೋ?"

ಬಾಳವ್ವ ಸಣ್ಣ ದನಿಯಲ್ಲಿ ಹೇಳಿದಳು: "ಗುಳಿಗಿ ತಗೊಂಡ್ರೂ ತಡ್ಯಾಕ ಆಗೂದಿಲ್ರಿ. ದವಾಖಾನ್ಯಾಗ ಡಾಕ್ಟರ್ ಕೇಳಿದ್ರ ಇವರೇ ಆರಾಮ ಅದಾಳ ಅಂತಾರ್ರಿ. ಡಾಕ್ಟರು ಮದಲಿನ ಗುಳಿಗೀನ ಬರದು ಕಳಸ್ತಾರ್ರಿ."

ಮರುದಿನ ಅಪ್ಪಗಳು ಓಣಿಗಳಿಗೆ ಹೋಗಲಿಲ್ಲ. ಆ ದಂಪತಿಯನ್ನು ಕರೆದುಕೊಂಡು ದವಾಖಾನೆಗೆ ನಡೆದರು. ಬಾಳವ್ವನ ಹಿಂದೆಯೇ ಒಳಗೆ ಹೊರಟಿದ್ದ ದುಂಡಪ್ಪನ ರಟ್ಟೆ ಹಿಡಿದು ಬೆಂಚಿನ ಮೇಲೆ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ಬಾಗಿಲಿಗೆ ಬರೀ ಒಂದು ಪರದೆ. ಒಳಗಿನಿಂದ ಡಾಕ್ಟರು, "ಯಜಮಾನ್ರು ಎಲ್ಲಿ? ಅವರನ್ನ ಕರೀರಿ," ಎಂದದ್ದು ಕೇಳಿಸಿತು.

ಅಪ್ಪಗಳು ಕೂತಲ್ಲಿಂದಲೇ ಅಂದರು: "ರೋಗ ಅವಗಿಲ್ಲ."

ಆಮೇಲೆ ಒಳಗಿನಿಂದ ಬಾಳವ್ವನ ದನಿ ಬಂತು.

"ಮುಂಜಾನೆದ್ದು ಕುಬಸದ ಗುಂಡಿ ಹಾಕ್ಕೊಳ್ಳಾಕ ಬರೂದಿಲ್ರಿ. ಗುಳಿಗಿ ನುಂಗಿದ್ರ ಸ್ವಲ್ಪ ಹೊತ್ತು ತಡೀತದ, ಮತ್ತ ಹಂಗ. ರೊಟ್ಟಿ ಬಡಿಯೂ ಮುಂದ ಕಣ್ಣೀರು ಬರತಾವ್ರಿ. ಇವರು ನೋಡಿ ಕೇಳಿದ್ರ, ಉಳ್ಳಾಗಡ್ಡಿ ಹೆಚ್ಚೀನಿ ಅಂತೀನಿ."

ದುಂಡಪ್ಪ ಹಾಗೆ ಕೇಳಿದ್ದು ನಿಜ. ಉತ್ತರ ನಂಬಿ ಉಂಡೆದ್ದದ್ದೂ ನಿಜ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಅಪ್ಪಗಳು ಅವನಿಗೆ ಸಮಾಧಾನ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಡಾಕ್ಟರು ಅಂದು ಮೊದಲ ಸಲ ಬಾಳವ್ವನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿ ಔಷಧ ಬದಲಿಸಿದರು. ತಮ್ಮನ್ನು ಕೇಳದೆ ಯಾರ ಮಾತಿಗೂ ಗುಳಿಗೆ ಬಿಡಕೂಡದೆಂದು ಅವಳಿಗೇ ತಿಳಿಹೇಳಿದರು.

ಮುಂದಿನ ತಿಂಗಳು ಇಬ್ಬರೇ ಹೋದರು. ಡಾಕ್ಟರು ಹಳೆಯ ರೂಢಿಯಂತೆ ದುಂಡಪ್ಪನತ್ತ ತಿರುಗಿ, "ಈಗ ಹೆಂಗದಾರ?" ಎಂದರು.

ಮನೆಮಂದಿಯ ಪರವಾಗಿ ಎಲ್ಲೆಡೆ ತಾನೇ ಮಾತಾಡಿಕೊಂಡು ಬಂದಿದ್ದ ಆ ಮನುಷ್ಯ ಎದ್ದು ನಿಂತು ಕೈ ಮುಗಿದ.

"ನನಗ ಗೊತ್ತಿಲ್ರಿ," ಎಂದವನೇ ಪರದೆ ಸರಿಸಿ ಹೊರಗೆ ಹೋಗಿ ಕೂತ.