ಬೋರಕ್ಕ ಹೇಳಿದ ಮೂರು ಮಾತು

ಮಂಜಿನಕೋಟೆ ಅಂತ ಒಂದು ರಾಜ್ಯ ಇತ್ತು. ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ ಸೂರ್ಯನ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಆ ರಾಜ್ಯದ ಅರಮನೆ ತೋಟದಲ್ಲಿ ಬೋರಕ್ಕ ಅನ್ನುವ ಹೆಂಗಸು ಕಳೆ ಕೀಳುವ ಕೆಲಸ ಮಾಡಿಕೊಂಡಿದ್ದಳು.

ಅವಳ ಗಂಡ ಮಾದಯ್ಯ ಒಂದು ಕಾಲಕ್ಕೆ ಅದೇ ತೋಟದ ಮೇಲ್ವಿಚಾರಕ. ಮುದಿ ರಾಜಮಾತೆಗೆ ಅವನನ್ನು ಕಂಡರೆ ಬಹಳ ವಿಶ್ವಾಸ. ಅರಮನೆಯ ಪಾರುಪತ್ತೇಗಾರ ನಂಜರಸಯ್ಯನಿಗೆ ಅದನ್ನು ಸಹಿಸಲಾಗಲಿಲ್ಲ. ರಾಜಮಾತೆಯ ಬೆಳ್ಳಿ ಗಿಂಡಿಯನ್ನು ಮಾದಯ್ಯ ಕದ್ದ ಅಂತ ರಾಜನ ಕಿವಿ ಊದಿದ. ರಾಜ ನಂಬಿದ. ಪುಷ್ಯಮಾಸದ ಕೊರೆಯುವ ಚಳಿಯಲ್ಲಿ ಮಾದಯ್ಯನನ್ನು ಗಡಿ ದಾಟಿಸಿದರು. ಎಂಟು ದಿನಕ್ಕೆ ಅವನು ಸತ್ತ ಸುದ್ದಿ ಬಂತು. ತೋಟ ನಂಜರಸಯ್ಯನ ಕೈಗೆ ಹೋಯಿತು. ಬೋರಕ್ಕ ಕಳ್ಳನ ಹೆಂಡತಿ ಅನ್ನಿಸಿಕೊಂಡು, ತಲೆ ತಗ್ಗಿಸಿಕೊಂಡು ಬದುಕಿದಳು.

ಹೀಗಿರುವಾಗ ರಾಜಮಾತೆ ಹಾಸಿಗೆ ಹಿಡಿದಳು. ಮದುವೆಯಾಗಿ ಬಂದಾಗ ಅವಳು ತವರಿನಿಂದ ಸ್ಟ್ರಾಬೆರಿ ಗಿಡ ತಂದಿದ್ದಳು. ನೆಲಕ್ಕೆ ಅಂಟಿಕೊಂಡು ಬೆಳೆದು ಕೆಂಪು ಹಣ್ಣು ಕೊಡುತ್ತದಲ್ಲ, ಅದೇ. ಈಗ ಆ ಗಿಡಗಳಿಗೂ ಮುಪ್ಪು ಬಂದಿತ್ತು. ಅವು ಬಿಟ್ಟ ಹಂಬುಗಳಲ್ಲಿ ಇಪ್ಪತ್ನಾಲ್ಕು ಎಳೆ ಸಸಿ ಮಾತ್ರ ಬೇರು ಬಿಟ್ಟಿದ್ದವು. ಅವನ್ನು ಬೇರೆ ಪಾತಿಗೆ ನೆಡಬೇಕಿತ್ತು, ಅದೂ ಚಳಿಗಾಲದ ಬಾಯಲ್ಲಿ. ನಂಜರಸಯ್ಯ ನಾನೇ ನೆಡುತ್ತೇನೆ ಅಂದ. ರಾಜಮಾತೆ ಒಪ್ಪಲಿಲ್ಲ, ಅರ್ಧವನ್ನು ಮಾದಯ್ಯನ ಹೆಂಡತಿ ಕೈಗೆ ಕೊಡಿ ಅಂತ ಹಟ ಹಿಡಿದಳು.

ರಾಜ ಹನ್ನೆರಡು ಸಸಿ ಅವನಿಗೆ, ಹನ್ನೆರಡು ಇವಳಿಗೆ ಹಂಚಿದ. ಯಾರ ಸಸಿ ಉಳಿದು ಹಣ್ಣು ಕೊಡುತ್ತದೋ ತೋಟ ಅವರದು. ಸಾಯಗೊಟ್ಟವರು ಗಡಿ ದಾಟಬೇಕು ಅಂದ.

ನಂಜರಸಯ್ಯನಿಗೆ ಗಿಡ ಬೆಳೆಸುವುದರ ಗಂಧಗಾಳಿಯೇ ಗೊತ್ತಿರಲಿಲ್ಲ. ಸೀದಾ ಬೋರಕ್ಕನ ಪಾತಿಗೆ ಬಂದು, ಹೇಗೆ ನೆಡುತ್ತೀಯೇ ಅಂತ ಕೇಳಿದ. ಬೋರಕ್ಕನಿಗೆ ಅವನ ಮುಖ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಆದರೂ ಗಿಡದ ವಿಷಯದಲ್ಲಿ ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

"ಬೇರು ಮಣ್ಣೊಳಗೆ, ಸುಳಿ ಮಣ್ಣಿನ ಮೇಲೆ ಇರಲಿ ಬುದ್ಧಿ. ಸುಳಿ ಮುಚ್ಚಿದರೆ ಕೊಳೆಯುತ್ತೆ" ಅಂದಳು.

ನಂಜರಸಯ್ಯ ದಾರಿಯುದ್ದಕ್ಕೂ ಯೋಚಿಸಿದ. ಗಂಡನನ್ನು ಕಳಕೊಂಡವಳು ನನಗೆ ನಿಜ ಹೇಳುತ್ತಾಳೆಯೇ? ಇದು ಮೋಸ. ಹಾಗಂದುಕೊಂಡು ಹನ್ನೆರಡು ಸಸಿಗಳನ್ನೂ ಸುಳಿ ಮುಳುಗುವಷ್ಟು ಆಳ ಹೂತ. ಹತ್ತು ದಿನದಲ್ಲಿ ನಾಲ್ಕು ಸಸಿ ಕೊಳೆತು ಲೋಳೆಯಾದವು. ಆಮೇಲೆ ಹೆದರಿ ಉಳಿದವುಗಳ ಮಣ್ಣು ಬಿಡಿಸಿದ.

ಚಳಿ ಏರಿತು. ಬೆಳಗಾದರೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತಿತ್ತು. ಅವನು ಎರಡನೇ ಸಲ ಬಂದ. ಸಸಿಗಳ ಸುತ್ತ ಒಣ ಹುಲ್ಲು ಹೊದಿಸಿ, ಬಿಸಿಲು ಬಂದಾಗ ಸ್ವಲ್ಪ ಸರಿಸಿ ಅಂತ ಬೋರಕ್ಕ ಹೇಳಿದಳು. ಅವನು ಮತ್ತೆ ಲೆಕ್ಕ ಹಾಕಿದ. ಮೊದಲ ಸಲ ನಿಜ ಹೇಳಿದ್ದು ನನ್ನನ್ನು ನಂಬಿಸಲಿಕ್ಕೆ, ಈಗ ಕೈ ಕೊಡುತ್ತಾಳೆ. ಹುಲ್ಲು ಹೊದಿಸಲಿಲ್ಲ. ಇನ್ನೂ ನಾಲ್ಕು ಸಸಿ ಚಳಿಗೆ ಸುಟ್ಟು ಕಪ್ಪಾದವು.

ಬೋರಕ್ಕ ಅವನ ಪಾತಿ ಕಡೆ ಹೋಗಿ ನೋಡಿದಳು. ತಾನು ಹೇಳಿದ್ದಕ್ಕೆಲ್ಲ ಅವನು ತಿರುಗುಮುರುಗು ಮಾಡುತ್ತಿದ್ದಾನೆ ಅಂತ ಆಗ ಅವಳಿಗೆ ಗೊತ್ತಾಯಿತು. ಸತ್ತ ಸಸಿಗಳನ್ನು ಕಂಡು ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಅವೂ ರಾಜಮಾತೆಯ ತವರಿನವೇ ಆಗಿದ್ದವು.

ಮೂರನೇ ಸಲ ಅವನು ಬಂದಾಗ ಸಸಿಗಳು ಮೊದಲ ಮೊಗ್ಗು ಬಿಟ್ಟಿದ್ದವು. ಇವನು ನಂಬುವುದಿಲ್ಲ ಅಂತ ಬೋರಕ್ಕನಿಗೆ ಗೊತ್ತಿತ್ತು. ಉಲ್ಟಾ ಹೇಳಿದರೆ ಅವನ ಗಿಡ ಉಳಿಯುತ್ತಿತ್ತು, ನಿಜ ಹೇಳಿದರೆ ಸಾಯುತ್ತಿತ್ತು. ಅವಳು ನಿಜವನ್ನೇ ಹೇಳಿದಳು.

"ಮೊದಲ ಹೂವು ಚಿವುಟಿ ಹಾಕಿ ಬುದ್ಧಿ. ಎಳೆ ಗಿಡಕ್ಕೆ ಹೊರಲು ಆಗೋದಿಲ್ಲ."

ಎರಡು ಸಲ ನಿಜ ಹೇಳಿದವಳು ಮೂರನೇ ಸಲ ಕೈ ಕೊಡಲಿಕ್ಕೇ ಕಾದಿದ್ದಾಳೆ ಅಂತ ನಂಜರಸಯ್ಯ ಮನಸ್ಸಿನಲ್ಲೇ ನಕ್ಕ. ಒಂದು ಹೂವನ್ನೂ ಮುಟ್ಟಲಿಲ್ಲ. ರಾಜನನ್ನು ಕರೆತಂದು ಬಿಳಿ ಹೂಗಳನ್ನು ತೋರಿಸಿದ. ಬೋರಕ್ಕನ ಪಾತಿಯಲ್ಲಿ ಬರೀ ಎಲೆ. ರಾಜ ಮುಖ ಸಿಂಡರಿಸಿ, ಹಣ್ಣಿನ ಕಾಲದವರೆಗೆ ನೋಡುತ್ತೇನೆ, ಗಂಟುಮೂಟೆ ಕಟ್ಟಿಟ್ಟುಕೋ ಅಂತ ಅವಳಿಗೆ ಹೇಳಿ ಹೋದ. ಅದೇ ವಾರ ರಾಜಮಾತೆ ಹಣ್ಣಿನ ಮುಖ ನೋಡದೆ ಕಣ್ಣು ಮುಚ್ಚಿದಳು. ಈ ರಾಜ್ಯದಲ್ಲಿ ತನ್ನವರು ಅಂತ ಇನ್ನು ಯಾರೂ ಇಲ್ಲ ಅಂತ ಬೋರಕ್ಕ ಸಸಿಗಳ ನಡುವೆ ಕೂತು ಅತ್ತಳು.

ನಂಜರಸಯ್ಯನ ನಾಲ್ಕು ಸಸಿ ಗೋಲಿಯಷ್ಟು ಕಾಯಿ ಹಿಡಿದವು, ಬಾಡಿದವು, ಒಣಗಿಹೋದವು. ಮಾಘ ಮುಗಿದು ಬಿಸಿಲು ಬಂದಾಗ ಬೋರಕ್ಕನ ಹನ್ನೆರಡೂ ಗಿಡ ಕೆಂಪಗೆ ತುಂಬಿ ನಿಂತವು.

ನಂಜರಸಯ್ಯ ಆಸ್ಥಾನದಲ್ಲಿ ಗೋಳಾಡಿದ, ಇವಳು ಮೋಸ ಮಾಡಿದಳು ಅಂದ. ಏನು ಹೇಳಿದ್ದಳು ಅಂತ ರಾಜ ಕೇಳಿದ. ಅವನು ಮೂರು ಮಾತನ್ನೂ ಒಪ್ಪಿಸಿದ. ಇವಳು ಮಾಡಿದ್ದೂ ಅದನ್ನೇ, ಹಾಗಾದರೆ ನೀನು ಯಾಕೆ ಮಾಡಲಿಲ್ಲ ಅಂತ ರಾಜ ಗದರಿದ.

"ಎದುರಾಳಿಗೆ ಯಾರಾದರೂ ನಿಜ ಹೇಳ್ತಾರಾ ಮಹಾಸ್ವಾಮಿ? ನಾನಾಗಿದ್ದರೆ ಹೇಳ್ತಿರಲಿಲ್ಲ" ಅಂತ ಅವನ ಬಾಯಿಂದ ಬಂದೇಬಿಟ್ಟಿತು.

ಬೋರಕ್ಕ ಮೊದಲ ಸಲ ತಲೆ ಎತ್ತಿದಳು. "ನನ್ನ ಗಂಡನೂ ಇವರಿಗೆ ಎದುರಾಳಿಯೇ ಆಗಿದ್ದರು ಮಹಾಸ್ವಾಮಿ. ಅವರ ಮೇಲೆ ಇವರು ಹೇಳಿದ್ದು ಏನು?"

ರಾಜ ಕೂಡಲೇ ನಂಜರಸಯ್ಯನ ಮನೆಗೆ ಆಳುಗಳನ್ನು ಅಟ್ಟಿದ. ಅವನ ಮನೆ ಶೋಧಿಸಿದಾಗ ಬೆಳ್ಳಿ ಗಿಂಡಿ ಅವನ ಅಟ್ಟದ ಮೇಲೇ ಸಿಕ್ಕಿತು. ಅವನನ್ನು ಗಡಿ ದಾಟಿಸಿದರು. ಮಾದಯ್ಯ ಕಳ್ಳನಲ್ಲ ಅಂತ ರಾಜ ಊರೆಲ್ಲ ಡಂಗುರ ಹೊಡೆಸಿದ. ಕೇಳಬೇಕಾದವನಿಗೆ ಅದು ಕೇಳಿಸಲಿಲ್ಲ. ಬೋರಕ್ಕ ತೋಟದ ಯಜಮಾನಿಯಾದಳು. ಮೊದಲ ಹಣ್ಣನ್ನು ರಾಜಮಾತೆಯ ಸಮಾಧಿಯ ಮೇಲಿಟ್ಟು, ಮುಂದಿನ ಚಳಿಗೆ ಹಂಬು ಬಿಡಿಸಲು ಹೋದಳು.

ಮೋಸದಿಂದ ಬದುಕುವವನಿಗೆ ಲೋಕವೆಲ್ಲ ಮೋಸವಾಗಿಯೇ ಕಾಣುತ್ತದೆ. ನಿಜ ಎದುರಿಗೆ ಬಂದು ನಿಂತರೂ ಅವನು ಅದನ್ನು ನಂಬಲಾರ, ಅದರಿಂದಲೇ ಕೆಡುತ್ತಾನೆ. ಕೇಳಿಸಿಕೊಂಡಿರಲ್ಲ ಮಕ್ಕಳೇ, ಇನ್ನು ಏಳಿ.