ಮೈಕಿನ ಹಿತ್ತಾಳೆ ಕವಚ

ಮಠದಲ್ಲಿ ಏಳು ವರ್ಷ ಕಳೆದ ಕೊಟ್ರೇಶ ಒಂದು ದಿನ ಗುರುಗಳನ್ನು ಕೇಳಿದ: "ಅಜ್ಜಾರ, ಧ್ಯಾನಕ್ಕ ಕುಂತ್ರ ಒಳಗಿನ ಗದ್ದಲ ನಿಲ್ಲವಲ್ಲದು. ಮಾತು ಬಿಟ್ಟೆ, ಪೇಪರ್ ಬಿಟ್ಟೆ, ಕಿಟಕಿನೂ ಹಾಕ್ಕೊಂಡೆ. ಇನ್ನ ಏನು ಮುಚ್ಚಲಿ? ನನಗೊಂದೂ ತಿಳೀದಂಗಾಗೈತಿ."

ಗುರುಗಳು ನಕ್ಕರು. "ಮುಚ್ಚಾಕ ಇನ್ನೇನು ಉಳದೈತಿ ನಿನ್ನ ಹತ್ರ? ಕುಂದ್ರು," ಎಂದು ಈ ಕತೆ ಹೇಳಿದರು.

ಒಬ್ಬ ಮನುಷ್ಯ ಸಣ್ಣ ಸದ್ದನ್ನೂ ಹಿಡಿಯುವ ಸ್ಟುಡಿಯೋದ ಕಂಡೆನ್ಸರ್ ಮೈಕುಗಳನ್ನು ಮನೆಯಲ್ಲೇ ಮಾಡುತ್ತಿದ್ದ. ಒಳಗಿನ ಸಾಮಾನು ಹೊರಗಿನಿಂದ ಬರುತ್ತಿತ್ತು. ಕವಚ ಮಾತ್ರ ಅವನದೇ. ಹಿತ್ತಾಳೆಯ ಕೊಳವೆಯನ್ನು ಲೇತಿಗೆ ಹಾಕಿ ಕಡೆಯುವನು, ಮೇಲೆ ಹಿತ್ತಾಳೆಯ ಜಾಲರಿ ಕೂಡಿಸುವನು. ಇಂಥ ಮೈಕಿನ ಕವಚದ ಕಷ್ಟ ಬೇರೆ. ಗೋಡೆಯೊಳಗಿನ ಕರೆಂಟಿನ ಗುಂಯ್ ಎನ್ನುವ ಸದ್ದನ್ನು ಅದು ಹೊರಗೇ ತಡೆಯಬೇಕು, ಹಾಡುವವರ ಉಸಿರನ್ನು ಒಳಗೆ ಬಿಡಬೇಕು. ಎರಡೂ ಒಂದೇ ಲೋಹದಿಂದ ಆಗಬೇಕು.

ಅವನಿಗೊಬ್ಬ ಸೋದರತ್ತೆ ಇದ್ದಳು. ಅವಳಿಗೆ ಹಾಡಲು ಬರುತ್ತಿದ್ದ ಪದಗಳು ಆ ಸೀಮೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವಳ ಗಂಟಲಲ್ಲಿ ಗಡ್ಡೆಯಾಯಿತು. ಸೋಮವಾರ ಆಪರೇಷನ್, ಆಮೇಲೆ ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅಂದು ಗುರುವಾರ. ಅತ್ತೆ ಸೀದಾ ಅಳಿಯನ ಮನೆಗೆ ಬಂದು ಕುರ್ಚಿಯಲ್ಲಿ ಕೂತಳು. ನಾಲ್ಕು ದಿನ ಬಂದು ಹಾಡುತ್ತೇನೆ, ಹಿಡಿದಿಟ್ಟುಕೋ ಎಂದಳು.

ಅವನು ಅವಳಿಗೆಂದೇ ಹೊಸ ಕವಚ ಮಾಡಿದ. ಅತ್ತೆಯ ಮೇಲಿನ ಪ್ರೀತಿಗೆ ಬಿಡಿ ಬಿಡಿ ಭಾಗಗಳಿಗೆಲ್ಲ ಒಳಗೂ ಹೊರಗೂ ಕಪ್ಪು ಬಣ್ಣ ಬಳಿದ. ಎಷ್ಟು ಚೆಂದವಾಯಿತೆಂದರೆ ಅವನೇ ತಿರುಗಿಸಿ ತಿರುಗಿಸಿ ನೋಡಿದ. ಅತ್ತೆ ಹಾಡಿದಳು. ಹೆಡ್‌ಫೋನಿನಲ್ಲಿ ಕೇಳಿದರೆ ಹಾಡಿನ ಜೊತೆಗೆ ಗುಂಯ್. ಇಂಥ ರೆಕಾರ್ಡು ಇಟ್ಟುಕೊಳ್ಳಲು ಅವನಿಗೆ ನಾಚಿಕೆಯಾಯಿತು. ಅಳಿಸಿಬಿಟ್ಟ.

ಶುಕ್ರವಾರ ದಪ್ಪ ಕೊಳವೆ ತಂದು ಮತ್ತೆ ಕಡೆದ, ಮತ್ತೆ ಬಳಿದ. ಗುಂಯ್ ಹೋಗಲಿಲ್ಲ. ಶನಿವಾರ ಜಾಲರಿಯನ್ನು ಎರಡು ಪದರ ಮಾಡಿದ. ಗುಂಯ್ ಹಾಗೇ ಇತ್ತು, ಅತ್ತೆಯ ಧ್ವನಿ ಮಾತ್ರ ದುಪ್ಪಟಿ ಹೊದ್ದು ಮಾತಾಡಿದ ಹಾಗೆ ಕೇಳಿತು. ಅದನ್ನೂ ಅಳಿಸಿದ. ಅವನ ತಲೆ ಕೆಟ್ಟಿತು. ಲೋಹ ಹೆಚ್ಚಾದಷ್ಟೂ ಸದ್ದು ಕಡಿಮೆಯಾಗಬೇಕಲ್ಲ, ಯಾಕಾಗುತ್ತಿಲ್ಲ?

ಅತ್ತೆಗೊಂದು ರೂಢಿ. ಹಾಡುವ ಮುಂಚೆ ಮುಂದಿರುವ ವಾದ್ಯವನ್ನು ಅಂಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಮೈಕನ್ನೂ ಹಾಗೇ ಮುಟ್ಟಲು ಹೋಗುವಳು. ಅವನು ಪ್ರತಿ ಸಲ ಗದರುವನು: "ಮುಟ್ಟಬ್ಯಾಡ ಅತ್ತಿ, ಬಣ್ಣ ಹೋಗತೈತಿ."

ಭಾನುವಾರ ಬೆಳಿಗ್ಗೆ ಅವಳು ಮಾತು ಕೇಳಲಿಲ್ಲ, ಮುಟ್ಟಿಯೇ ಬಿಟ್ಟಳು. ಅವನ ಕಿವಿಯೊಳಗಿನ ಗುಂಯ್ ಒಮ್ಮೆಲೇ ಇಳಿಯಿತು. ಕೈ ತೆಗೆದಳು, ಮತ್ತೆ ಬಂತು. ಅವನಿಗೆ ಆಗ ಬುದ್ಧಿ ಬಂತು. ಅವಳ ಅಂಗೈ, ಮೇಲಿನ ಜಾಲರಿಗೂ ಕೆಳಗೆ ಕೊಳವೆಗೆ ಬಿಗಿದಿದ್ದ ಬಣ್ಣವಿಲ್ಲದ ತಿರುಪಿಗೂ ಒಟ್ಟಿಗೆ ತಾಗಿತ್ತು. ಜಾಲರಿ ಕೊಳವೆಯ ಮೇಲೆ ಕೂತಿತ್ತೇ ಹೊರತು ಅದಕ್ಕೆ ತಾಗಿರಲಿಲ್ಲ. ನಡುವೆ ಅವನು ಬಳಿದ ಚೆಂದದ ಬಣ್ಣ ಇತ್ತು. ಲೋಹ ಲೋಹವನ್ನು ಮುಟ್ಟದಿದ್ದರೆ ಎಷ್ಟು ದಪ್ಪ ಮಾಡಿ ಏನು ಬಂತು?

ಉಜ್ಜುವ ಕಾಗದ ತೆಗೆದುಕೊಂಡು ಎರಡೂ ಸೇರುವ ಅಂಚಿನ ಬಣ್ಣ ಕೆರೆದ. ಎರಡನೆಯ ಜಾಲರಿ ಕಿತ್ತೆಸೆದ. ಬಿಗಿದು ಹೆಡ್‌ಫೋನ್ ಹಾಕಿಕೊಂಡರೆ, ಏನೂ ಇಲ್ಲ. ಅಂಥ ನಿಶ್ಶಬ್ದವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಹಾಡ್ಲೇನೋ ತಮ್ಮಾ?" ಎಂದಳು ಅತ್ತೆ.

"ತಡಿ ಅತ್ತಿ, ಉಸುರು ಸುದ್ದಾ ಬಿಡಬ್ಯಾಡ," ಎಂದ.

ರೆಕಾರ್ಡು ಮಾಡಿ ನಿಶ್ಶಬ್ದವನ್ನು ಕೇಳಿದ. ದೀಪ ಹಾಕಿ ಕೇಳಿದ, ಆರಿಸಿ ಕೇಳಿದ. ಅತ್ತೆ ಇನ್ನೊಮ್ಮೆ ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತಡೆದ. ಮರುದಿನದ ಆಪರೇಷನ್ನಿಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಹೊರಗೆ ಹಾರ್ನ್ ಹೊಡೆಯಿತು. ಅವಳು ಎದ್ದು, "ನಾ ಬರ್ತೇನಪಾ," ಎಂದಳು.

ಅಷ್ಟು ಒಳ್ಳೆಯ ನಿಶ್ಶಬ್ದದ ನಡುವೆ ಮಾತು ಬಂದು ಕೆಟ್ಟಿತೆಂದು ಅವನ ಕೈ ಆ ರೆಕಾರ್ಡನ್ನೂ ಅಳಿಸಿತು. ನಾಲ್ಕು ದಿನದಿಂದ ಅಳಿಸಿ ಅಳಿಸಿ ಕೈಗೆ ಅದೇ ಅಭ್ಯಾಸವಾಗಿತ್ತು. ಕಣ್ಣು ಬಿಟ್ಟಾಗ ಕುರ್ಚಿ ಖಾಲಿ. ಹೆಡ್‌ಫೋನ್ ಕಿತ್ತೆಸೆದು ಬೀದಿಗೆ ಓಡಿದ. ಗಾಡಿ ಹೋಗಿಯಾಗಿತ್ತು. ಸೋಮವಾರ ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕೊಟ್ರೇಶ ಹಣೆ ತಿಕ್ಕಿಕೊಂಡ. ಕತೆ ಕೇಳುವ ಮೊದಲು ಇದ್ದ ಗೊಂದಲ ಈಗ ಇಮ್ಮಡಿಯಾಗಿತ್ತು. ಕೇಳಿದ: "ಹಂಗಾರ ಅಜ್ಜಾರ, ನಾನೂ ಬಣ್ಣ ಕೆರೀಬೇಕೇನು? ಎಲ್ಲಿ ಕೆರೀಲಿ? ಗುಂಯ್ ಅನ್ನೂದು ನಿಂತ ಮ್ಯಾಲೆ ಅಂವ ಏನು ಮಾಡಬೇಕಿತ್ತು?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಆಕಿ ಯಾವ ಪದ ಹಾಡತಿದ್ಲು ಅಂತ ನೀನೂ ಕೇಳಲಿಲ್ಲಲ್ಲೋ."